ಅಜ್ಜಿಯ ಡಬ್ಬದ ರೂಪಾಯಿಗೆ ಬೆಲೆ ಎಷ್ಟು?

ಓದುಗರ ಪ್ರಶ್ನೆ – ನಾಣ್ಯದ ಮಾತು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ ಕೇಳಿವೆ: "ಇದಕ್ಕೆ ಎಷ್ಟು ಬರುತ್ತೆ?" ಫೋಟೋ ಕಳಿಸಿದ ಒಬ್ಬೊಬ್ಬರಿಗೂ ಒಂದೊಂದು ಅಂಕಿ ಬರೆದುಬಿಡಬಹುದಿತ್ತು, ಆದರೆ ಬರೆಯುವುದಿಲ್ಲ. ಫೋಟೋದಲ್ಲಿ ತೂಕ ಕಾಣುವುದಿಲ್ಲ. ಅಂಚು ಕಾಣುವುದಿಲ್ಲ. ಬೆಳ್ಳಿ ದರ ಅಂತೂ ಪತ್ರಿಕೆ ಅಚ್ಚಾಗುವಷ್ಟರಲ್ಲಿ ಬದಲಾಗಿರುತ್ತದೆ. ಅದಕ್ಕೇ ಅಂಕಿಯ ಬದಲು, ನೀವೇ ಮನೆಯಲ್ಲಿ ಕೂತು ಲೆಕ್ಕ ಹಾಕುವ ದಾರಿ ಹೇಳುತ್ತೇನೆ. ಅಂಗಡಿ ಮೆಟ್ಟಿಲು ಹತ್ತುವ ಮೊದಲು ನಿಮ್ಮ ಕೈಯಲ್ಲಿ ಏನಿದೆ ಅಂತ ನಿಮಗೇ ಗೊತ್ತಿರಲಿ ಅನ್ನುವುದಷ್ಟೇ ನನ್ನ ಆಸೆ.

ಪ್ರಶ್ನೆ: ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು. ಅದರಲ್ಲಿ 34 ದೊಡ್ಡ ರೂಪಾಯಿಗಳಿವೆ. ಕೆಲವದರಲ್ಲಿ ರಾಣಿ, ಜಾಸ್ತಿ ರಾಜ, ಮೂರರ ಹಿಂದೆ ಹುಲಿ. ಚಿಕ್ಕಪೇಟೆಯ ಒಂದು ಬೆಳ್ಳಿ ಅಂಗಡಿಗೆ ತೆಗೆದುಕೊಂಡು ಹೋದೆ. "ಹಳೇ ರೂಪಾಯಿ ಅಂದ್ರೆ ಅರ್ಧ ಬೆಳ್ಳಿ ಮೇಡಂ, ಹುಲಿದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಅರ್ಧ ತೂಕಕ್ಕೆ ರೇಟ್ ಹಾಕಿ ಕೊಡ್ತೀನಿ" ಎಂದರು. ಕೊಡಬಹುದೇ?
– ಗೃಹಿಣಿ, ಬಸವನಗುಡಿ

ಉತ್ತರ: ಈಗಲೇ ಕೊಡಬೇಡಿ. ಇವತ್ತು ರಾತ್ರಿ ಊಟ ಆದ ಮೇಲೆ ಟೇಬಲ್ ಮೇಲೆ ಒಂದು ಹಳೇ ಪೇಪರ್ ಹಾಸಿ, ನಾಣ್ಯಗಳನ್ನೆಲ್ಲ ಇಸವಿ ಕಾಣುವ ಹಾಗೆ ಹರಡಿ. ಮೂರು ಗುಡ್ಡೆ ಮಾಡಿ. 1939 ಮತ್ತು ಅದಕ್ಕಿಂತ ಹಿಂದಿನವು ಒಂದು ಕಡೆ. 1940ರಿಂದ 1945ರವರೆಗಿನವು ಇನ್ನೊಂದು ಕಡೆ. ಹುಲಿ ಇರುವ 1947ರವು ಮೂರನೇ ಕಡೆ.

ಯಾಕೆ ಹೀಗೆ ಅಂದರೆ, 1835ರಿಂದ 1939ರವರೆಗೆ ಬ್ರಿಟಿಷರ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಅಂದರೆ ಒಂದೊಂದರಲ್ಲೂ 10.69 ಗ್ರಾಂ ಶುದ್ಧ ಬೆಳ್ಳಿ ಇರುತ್ತದೆ. ಎರಡನೇ ಮಹಾಯುದ್ಧ ಬಂತು, ಬೆಳ್ಳಿಗೆ ತತ್ವಾರ ಆಯಿತು, 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿಬಿಟ್ಟರು. ತೂಕ ಅದೇ, ಬೆಳ್ಳಿ ಮಾತ್ರ 5.83 ಗ್ರಾಂ. 1947ರಲ್ಲಿ ಅದೂ ಹೋಗಿ ನಿಕ್ಕಲ್ ಬಂತು. ಹುಲಿ ರೂಪಾಯಿಗೆ ಒಂದು ಆಯಸ್ಕಾಂತ ಹಿಡಿದು ನೋಡಿ, ಟಕ್ಕನೆ ಅಂಟಿಕೊಳ್ಳುತ್ತದೆ. ಬೆಳ್ಳಿ ಯಾವತ್ತೂ ಅಂಟುವುದಿಲ್ಲ.

ಈಗ ನಿಮ್ಮ ಪಟ್ಟಿ ನೋಡೋಣ. ನೀವು ಬರೆದಿರುವ ಇಸವಿಗಳ ಪ್ರಕಾರ 22 ನಾಣ್ಯ ಹಳೆಯವು, 9 ಯುದ್ಧಕಾಲದವು, 3 ಹುಲಿ. 22ನ್ನು 10.69ರಿಂದ ಗುಣಿಸಿದರೆ ಸುಮಾರು 235 ಗ್ರಾಂ. 9ನ್ನು 5.83ರಿಂದ ಗುಣಿಸಿದರೆ ಸುಮಾರು 52 ಗ್ರಾಂ. ಹತ್ತಿರ ಹತ್ತಿರ 288 ಗ್ರಾಂ ಶುದ್ಧ ಬೆಳ್ಳಿ ಆಯಿತು. ಅಂಗಡಿಯವರ ಲೆಕ್ಕದಲ್ಲಿ ಎಲ್ಲವೂ ಅರ್ಧ ಬೆಳ್ಳಿ, ಅಂದರೆ 181 ಗ್ರಾಂ. ಮಧ್ಯೆ ನೂರಕ್ಕೂ ಹೆಚ್ಚು ಗ್ರಾಂ ಬೆಳ್ಳಿ ಎಲ್ಲಿ ಹೋಯಿತು? ನಾಣ್ಯಗಳು ಸವೆದಿರುತ್ತವೆ, ಒಂದೊಂದರಲ್ಲಿ ಸ್ವಲ್ಪ ತೂಕ ಕಡಿಮೆ ಇರುತ್ತದೆ, ಅಂಗಡಿಯವರಿಗೂ ಲಾಭ ಬೇಕು, ಇವೆಲ್ಲ ಒಪ್ಪುವ ಮಾತೇ. ಆದರೆ ನೂರು ಗ್ರಾಂ ಒಪ್ಪುವ ಮಾತಲ್ಲ.

ಇಷ್ಟು ಬರೀ ಲೋಹದ ಲೆಕ್ಕ. ಇದು ತಳ, ಸವೆತಕ್ಕೆ, ಅಂಗಡಿಯವರ ಲಾಭಕ್ಕೆ ಅಂತ ಸ್ವಲ್ಪ ಬಿಡುವುದನ್ನು ಬಿಟ್ಟರೆ ಇದಕ್ಕಿಂತ ಕೆಳಗೆ ಯಾರಿಗೂ ಕೊಡಬೇಡಿ. ಇದರ ಮೇಲೆ ಎಷ್ಟು ಅನ್ನುವುದು ನಾಣ್ಯ ಯಾವುದು, ಹೇಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಇಲ್ಲೇ ತುಂಬಾ ಜನ ಎಡವುವುದು, ಹಳೆಯದಾದಷ್ಟೂ ಬೆಲೆ ಜಾಸ್ತಿ ಅಂದುಕೊಂಡು. ಹಾಗೇನೂ ಇಲ್ಲ. ನಿಮ್ಮ ಡಬ್ಬದಲ್ಲಿರುವ 1862ರ ರಾಣಿ ರೂಪಾಯಿಯನ್ನೇ ತಗೊಳ್ಳಿ. 1862 ಅಂತ ಬರೆದ ರೂಪಾಯಿಗಳನ್ನು ಇಸವಿ ಬದಲಾಯಿಸದೆ 1874ರವರೆಗೂ ಅಚ್ಚು ಹಾಕಿದರು, ಹಾಗಾಗಿ ಅವು ಬೇಕಾದಷ್ಟಿವೆ. ಅದಕ್ಕಿಂತ ಎಷ್ಟೋ ಕಿರಿಯದಾದ 1939ರ ಜಾರ್ಜ್ ರೂಪಾಯಿ ಸಿಗುವುದೇ ಕಷ್ಟ. ಅದು ಕೈಯಲ್ಲಿದ್ದರೆ ಅವಸರ ಪಡಬೇಡಿ, ನಕಲಿಗಳೂ ಓಡಾಡುತ್ತಿವೆ, ಗೊತ್ತಿರುವವರಿಗೆ ತೋರಿಸಿ.

ಇನ್ನೊಂದು, 1911 ಇದೆಯಾ ನೋಡಿ. ಸಂಗ್ರಹಕಾರರು ಅದನ್ನು ಹಂದಿ ರೂಪಾಯಿ ಅಂತಾರೆ. ಐದನೇ ಜಾರ್ಜ್ ರಾಜನ ಮೇಲಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಅಚ್ಚಿನಲ್ಲಿ ಸೊಂಡಿಲು ಮೋಟಾಗಿ ಬಂದು ಅದು ಹಂದಿಯ ಹಾಗೆ ಕಾಣಿಸಿತು. ಜನ ತಕರಾರು ತೆಗೆದರು, ಸರ್ಕಾರ ಆ ನಾಣ್ಯಗಳನ್ನು ವಾಪಸ್ ತೆಗೆದುಕೊಂಡು ಬಹುಪಾಲು ಕರಗಿಸಿತು, 1912ರಿಂದ ಸೊಂಡಿಲು ಚೆನ್ನಾಗಿ ಕಾಣುವ ಆನೆ ಬಂತು. ಉಳಿದುಕೊಂಡ 1911ಕ್ಕೆ ಬೆಳ್ಳಿಗಿಂತ ಒಳ್ಳೆಯ ಬೆಲೆ ಇದೆ. ಲಕ್ಷಗಟ್ಟಲೆ ಅಲ್ಲ, ಆದರೆ ಕರಗಿಸುವಂಥದ್ದಂತೂ ಖಂಡಿತ ಅಲ್ಲ.

ಸರಿ, ಯಾವುದು ಅಂತ ಗೊತ್ತಾಯಿತು. ಬೆಲೆ ಹೇಗೆ ತಿಳಿಯುವುದು? ಆನ್‌ಲೈನ್‌ನಲ್ಲಿ ಹುಡುಕಿದರೆ ಅದೇ ನಾಣ್ಯಕ್ಕೆ ಒಬ್ಬ 900 ಅಂತ ಹಾಕಿರುತ್ತಾನೆ, ಇನ್ನೊಬ್ಬ 9 ಲಕ್ಷ ಅಂತ. ಅದು ಅವರು ಕೇಳುವ ಬೆಲೆ. ಕೇಳುವುದಕ್ಕೆ ಯಾರಪ್ಪನ ಅಪ್ಪಣೆಯೂ ಬೇಡ. ನಮಗೆ ಬೇಕಾಗಿರುವುದು ಯಾರೋ ಒಬ್ಬರು ದುಡ್ಡು ಎಣಿಸಿ ಕೊಟ್ಟು ತೆಗೆದುಕೊಂಡು ಹೋದ ಬೆಲೆ. ನಾಣ್ಯದ ಹರಾಜು ನಡೆಸುವ ಸಂಸ್ಥೆಗಳು, ನಮ್ಮ ಬೆಂಗಳೂರಿನವೂ ಸೇರಿ, ಹರಾಜು ಮುಗಿದ ಮೇಲೆ ಯಾವ ನಾಣ್ಯ ಎಷ್ಟಕ್ಕೆ ಹೋಯಿತು ಅಂತ ತಮ್ಮ ಜಾಲತಾಣದಲ್ಲಿ ಹಾಕುತ್ತವೆ. ನಿಮ್ಮ ನಾಣ್ಯದ ಅದೇ ಇಸವಿ, ಅದೇ ಟಂಕಸಾಲೆ, ಹೆಚ್ಚುಕಮ್ಮಿ ಅದೇ ಸ್ಥಿತಿಯ ನಾಲ್ಕೈದು ಮಾರಾಟ ಹುಡುಕಿ ಬರೆದಿಟ್ಟುಕೊಳ್ಳಿ. ತೂಕ, ಲೋಹ, ಎಷ್ಟು ಅಚ್ಚಾಯಿತು ಇವನ್ನೆಲ್ಲ ನೋಡಲು ನ್ಯೂಮಿಸ್ಟಾ ಎಂಬ ಉಚಿತ ತಾಣ ಚೆನ್ನಾಗಿದೆ.

ಸ್ಥಿತಿ ಅಂದೆನಲ್ಲ, ಅದನ್ನು ಹಗುರವಾಗಿ ತಗೋಬೇಡಿ. ರಾಜನ ಕಿರೀಟದ ಮುತ್ತುಗಳು, ಕಿವಿ, ಹುಬ್ಬಿನ ಕೂದಲು, ಅಂಗಿಯ ಹೂವು – ಮೊದಲು ಸವೆಯುವುದು ಇವೇ. ಇವೆಲ್ಲ ಎದ್ದು ಕಾಣುತ್ತಿದ್ದರೆ ಒಂದು ಬೆಲೆ, ಮುಖ ಬೋಳಾಗಿದ್ದರೆ ಬೆಳ್ಳಿಯ ಬೆಲೆ. ಒಂದೇ ಇಸವಿಯ ಎರಡು ರೂಪಾಯಿ, ಒಂದು ಇನ್ನೊಂದರ ಹತ್ತು ಪಟ್ಟಿಗೆ ಹೋಗುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯ ಎರಡಿವೆ. ಮೊಬೈಲಿನಲ್ಲಿ ಜಾಹೀರಾತು ನೋಡಿ ಫೋನ್ ಮಾಡಿದೆ. ಒಂದಕ್ಕೆ 6 ಲಕ್ಷ ಎಂದರು. ನೋಂದಣಿಗೆ ಅಂತ 1,150 ರೂಪಾಯಿ ಕಳಿಸಿದೆ, ಆಮೇಲೆ ಜಿಎಸ್‌ಟಿ ಅಂತ 8,500. ಈಗ ರಿಸರ್ವ್ ಬ್ಯಾಂಕಿನ ಅನುಮತಿ ಪತ್ರಕ್ಕೆ 22,000 ಕೇಳುತ್ತಿದ್ದಾರೆ. ಮುದ್ರೆ, ಸಹಿ ಎಲ್ಲ ಇರುವ ಪತ್ರವನ್ನೂ ಕಳಿಸಿದ್ದಾರೆ. ಮಗನಿಗೆ ಹೇಳಿಲ್ಲ. ಕಳಿಸಲೇ?
– ನಿವೃತ್ತ ನೌಕರ, ರಾಜಾಜಿನಗರ

ಉತ್ತರ: ಸಾರ್, ಒಂದು ರೂಪಾಯಿಯನ್ನೂ ಕಳಿಸಬೇಡಿ. ಇದನ್ನು ಓದಿದ ತಕ್ಷಣ ಪತ್ರಿಕೆ ಕೆಳಗಿಟ್ಟು 1930 ನಂಬರಿಗೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ನೀವು ದುಡ್ಡು ಕಳಿಸಿದ ದಿನ, ಹೊತ್ತು, ವಹಿವಾಟಿನ ನಂಬರ್ ಕೈಯಲ್ಲಿ ಇಟ್ಟುಕೊಳ್ಳಿ. ನಿಮ್ಮ ಬ್ಯಾಂಕಿಗೂ ಹೇಳಿ. ಬೇಗ ಹೇಳಿದಷ್ಟೂ ಆ ಖಾತೆಯಲ್ಲಿ ಹಣ ಇನ್ನೂ ಇದ್ದರೆ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಮತ್ತೆ ಮಗನಿಗೆ ಹೇಳಿಬಿಡಿ. ನಾಚಿಕೆ ಪಡುವಂಥದ್ದು ನೀವೇನೂ ಮಾಡಿಲ್ಲ. ಇವರು ದಿನಕ್ಕೆ ನೂರು ಜನರ ಹತ್ತಿರ ಇದೇ ಮಾತಾಡಿ ಪಳಗಿದವರು. ಯಾರ ಹತ್ತಿರವೂ ಹೇಳಿಕೊಳ್ಳದೆ ಒಬ್ಬರೇ ಇರುವವರು ಅವರಿಗೆ ಸುಲಭದ ತುತ್ತು.

ಇದರ ಕೆಲಸ ನಡೆಯುವುದು ಹೀಗೆ. ಮೊದಲು ದೊಡ್ಡ ಮೊತ್ತ ಹೇಳುತ್ತಾರೆ. ಆಮೇಲೆ ಸಣ್ಣದೊಂದು ಫೀಸು. ಅದನ್ನು ಕೊಟ್ಟವರು ಕೊಟ್ಟಿದ್ದು ಹಾಳಾಗಬಾರದು ಅಂತ ಎರಡನೆಯದನ್ನೂ ಕೊಡುತ್ತಾರೆ, ಮೂರನೆಯದನ್ನೂ ಕೊಡುತ್ತಾರೆ. ಒಂದು ಮಾತು ಯೋಚಿಸಿ ನೋಡಿ. ಆರು ಲಕ್ಷ ಕೊಟ್ಟು ನಾಣ್ಯ ಕೊಳ್ಳುವವನಿಗೆ ನಿಮ್ಮ 1,150 ರೂಪಾಯಿ ಯಾಕೆ ಬೇಕು? ಅವನು ನಾಣ್ಯದ ತೂಕ ಕೇಳಲಿಲ್ಲ, ಕಣ್ಣಿಂದ ನೋಡಲಿಲ್ಲ, ಇನ್ನೊಂದು ಬದಿಯ ಫೋಟೋ ಸಹ ಕೇಳಲಿಲ್ಲ ಅಲ್ವಾ?

ರಿಸರ್ವ್ ಬ್ಯಾಂಕ್ ಇಂಥದ್ದರಲ್ಲಿ ಇಲ್ಲವೇ ಇಲ್ಲ. ತನ್ನ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯ ಮಾರಿಸಿಕೊಡುತ್ತೇವೆ ಅಂತ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ, ನಾವು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರವನ್ನೂ ಕೊಟ್ಟಿಲ್ಲ ಅಂತ 2021ರ ಆಗಸ್ಟ್‌ನಲ್ಲಿ ಅದೇ ಬ್ಯಾಂಕ್ ಪ್ರಕಟಣೆ ಹೊರಡಿಸಿದೆ. ನಿಮಗೆ ಬಂದ ಪತ್ರದ ಮುದ್ರೆ ಕಂಪ್ಯೂಟರಿನಲ್ಲಿ ಅಂಟಿಸಿದ್ದು.

ಇನ್ನು ನಿಮ್ಮ ನಾಣ್ಯ. ವೈಷ್ಣೋದೇವಿಯ 5 ರೂಪಾಯಿ 2012ರದು, ಚಲಾವಣೆಗೆಂದೇ ಬಂದದ್ದು. ಹೊಸದರ ಹಾಗೆ ಹೊಳೆಯುತ್ತಿದ್ದರೆ ಸಂಗ್ರಹಿಸುವವರು ಮುಖಬೆಲೆಗಿಂತ ಸ್ವಲ್ಪ ಜಾಸ್ತಿ ಕೊಟ್ಟಾರು. ಸವೆದಿದ್ದರೆ 5 ರೂಪಾಯಿ. ಟ್ರ್ಯಾಕ್ಟರ್ ಇರುವ 5 ರೂಪಾಯಿ ನೋಟು, 786 ಅಂತ ಕೊನೆಯಾಗುವ ನೋಟು ಇಟ್ಟುಕೊಂಡು ಬರೆದ ಏಳೆಂಟು ಓದುಗರಿಗೂ ಇದೇ ಉತ್ತರ. 786ಕ್ಕೆ ಇಷ್ಟಪಟ್ಟು ಒಂದಿಷ್ಟು ಹೆಚ್ಚು ಕೊಡುವವರು ಇದ್ದಾರೆ, ಅದು ಪ್ರೀತಿಯ ಬೆಲೆ. ಲಕ್ಷದ ಮಾತು ಸುಳ್ಳು.

ಪ್ರಶ್ನೆ: ಗಾಂಧೀಜಿ ಇರುವ 20 ಪೈಸೆ ಹಿತ್ತಾಳೆ ನಾಣ್ಯದಲ್ಲಿ ಚಿನ್ನ ಬೆರೆಸಿದ್ದಾರಂತೆ, ನಿಜವೇ? ನನ್ನದರಲ್ಲಿ 1948 ಎಂದಿದೆ.
– ಆಟೋ ಚಾಲಕ, ಯಶವಂತಪುರ

ಉತ್ತರ: ಚಿನ್ನ ಇಲ್ಲ. ಅದು ತಾಮ್ರಕ್ಕೆ ಅಲ್ಯೂಮಿನಿಯಂ ಬೆರೆಸಿದ ಲೋಹ. 1948 ಎನ್ನುವುದು ನಾಣ್ಯದ ಇಸವಿಯೂ ಅಲ್ಲ. ಸರಿಯಾಗಿ ನೋಡಿ, 1869-1948 ಎಂದಿರುತ್ತದೆ, ಅದು ಬಾಪು ಹುಟ್ಟಿದ ಮತ್ತು ತೀರಿಕೊಂಡ ವರ್ಷ. ನಾಣ್ಯ ಬಂದದ್ದು ಅವರ ನೂರನೇ ವರ್ಷಕ್ಕೆ, 1969ರಲ್ಲಿ. ಆದರೆ ಮನೆಯಲ್ಲಿ ಅದೇ ಚಿತ್ರದ ದೊಡ್ಡ 10 ರೂಪಾಯಿ ಇದೆಯಾ ಹುಡುಕಿ. ಅದು ಬೆಳ್ಳಿ. 15 ಗ್ರಾಂ ತೂಕ, ನೂರಕ್ಕೆ 80 ಪಾಲು ಬೆಳ್ಳಿ, ಅಂದರೆ 12 ಗ್ರಾಂ. ಚಿನ್ನ ಅಂತ 20 ಪೈಸೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಈ ಬೆಳ್ಳಿಯದನ್ನು ಮಕ್ಕಳ ಆಟಕ್ಕೆ ಕೊಟ್ಟ ಮನೆಗಳನ್ನು ನೋಡಿದ್ದೇನೆ.

ಪ್ರಶ್ನೆ: ಶ್ರೀರಂಗಪಟ್ಟಣಕ್ಕೆ ಹೋದಾಗ ಕೋಟೆ ಹತ್ತಿರ ಒಬ್ಬ ಹುಡುಗ ಆನೆ ಇರುವ ತಾಮ್ರದ ಟಿಪ್ಪು ನಾಣ್ಯ ಕೊಟ್ಟ. 500 ರೂಪಾಯಿ ತೆಗೆದುಕೊಂಡ. ಹೊಲ ಉಳುವಾಗ ಸಿಕ್ಕಿತಂತೆ. ಅಸಲಿಯೇ?
– ಕಾಲೇಜು ಉಪನ್ಯಾಸಕಿ, ಚಾಮರಾಜಪೇಟೆ

ಉತ್ತರ: ಈ ಪ್ರಶ್ನೆ ಬಂದರೆ ನನಗೆ ಖುಷಿ, ಯಾಕೆಂದರೆ ನಮ್ಮ ನೆಲದ ನಾಣ್ಯ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಅಂಚು ನೋಡಿ. ಅಸಲಿ ನಾಣ್ಯವನ್ನು ಎರಡು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ನಕಲಿಯಲ್ಲಿ ಹೆಚ್ಚಿನವು ಎರಕ ಹೊಯ್ದವು. ಎರಕದ ನಾಣ್ಯದ ಅಂಚಿನ ಸುತ್ತ ಒಂದು ಸಣ್ಣ ಗೆರೆ ಓಡಿರುತ್ತದೆ, ಇಲ್ಲವೇ ಅದನ್ನು ಅರದಿಂದ ಉಜ್ಜಿದ ಗುರುತು ಇರುತ್ತದೆ. ಮೈಮೇಲೆ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ತೂತು ಕಾಣುತ್ತವೆ. ಅಕ್ಷರಗಳು ಸೋಪಿನ ಮೇಲೆ ಬರೆದ ಹಾಗೆ ಮೊಂಡಾಗಿರುತ್ತವೆ. ಭೂತಗನ್ನಡಿ ಇದ್ದರೆ ಐದು ನಿಮಿಷದ ಕೆಲಸ.

ಆಮೇಲೆ ಇದು ಟಿಪ್ಪುವಿನದೇನಾ ಅಂತ ನೋಡಬೇಕು. ಆನೆ ಕಂಡರೆ ಟಿಪ್ಪು ಅಂದುಬಿಡುತ್ತಾರೆ, ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲೂ ಆನೆ ಇದೆ. ಆನೆಯ ಮೇಲೆ ಸೂರ್ಯ ಚಂದ್ರ, ಮಧ್ಯೆ ಕನ್ನಡದ 'ಶ್ರೀ' ಇದ್ದರೆ ಅದು ಮುಮ್ಮಡಿಯವರದು. ಕೆಲವದರಲ್ಲಿ 'ಶ್ರೀ ಚಾಮುಂಡಿ', 'ಮಯಿಲಿ ಕಾಸು' ಅಂತ ನಮ್ಮ ಅಕ್ಷರದಲ್ಲೇ ಬರೆದಿರುತ್ತದೆ. ಟಿಪ್ಪುವಿನದರಲ್ಲಿ ಹಿಂದೆ ಪರ್ಷಿಯನ್ ಬರಹ ಇರುತ್ತದೆ.

ನಿಮ್ಮ ಫೋಟೋದಲ್ಲಿ ಅಂಕಿಗಳು 5121 ಅಂತ ಕಾಣುತ್ತವೆ, ಇದ್ಯಾವ ಇಸವಿ ಅಂತ ಕೇಳಿದ್ದೀರಿ. ಬಲದಿಂದ ಎಡಕ್ಕೆ ಓದಿ: 1215. ಟಿಪ್ಪು ತಾನೇ ಮೌಲೂದಿ ಎಂಬ ಹೊಸ ಶಕೆ ಜಾರಿಗೆ ತಂದು, ಅದರ ಅಂಕಿಗಳನ್ನು ನಾಣ್ಯದ ಮೇಲೆ ಬಲದಿಂದ ಎಡಕ್ಕೆ ಬರೆಸಿದ. 1215 ಅಂದರೆ ನಮ್ಮ ಲೆಕ್ಕಕ್ಕೆ 1787ರ ಸುಮಾರು. ಅಂಕಿ ಸರಿಯಾಗಿದೆ ಅಂತ ಮಾತ್ರಕ್ಕೆ ಅಸಲಿ ಅಂತಲ್ಲ, ನಕಲಿ ಮಾಡುವವರು ಅಸಲಿಯ ಮೇಲೇ ಅಚ್ಚು ತೆಗೆಯುತ್ತಾರೆ. ನಿಮ್ಮದರ ಅಂಚಿನ ಫೋಟೋ ಇಲ್ಲ. ಮೈಮೇಲಿನ ತೂತುಗಳನ್ನು ನೋಡಿದರೆ ನನಗೆ ಎರಕದ್ದು ಅನ್ನಿಸುತ್ತದೆ.

ಬೇಜಾರು ಮಾಡಿಕೊಳ್ಳಬೇಡಿ. ಅಸಲಿ ಟಿಪ್ಪು ತಾಮ್ರದ ಪೈಸೆಗಳೇ ಅಷ್ಟೇನೂ ಅಪರೂಪವಲ್ಲ. ಸಾಧಾರಣ ಸ್ಥಿತಿಯವು ನಾಣ್ಯ ಪ್ರದರ್ಶನಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಕೆಂಪೇಗೌಡ ರಸ್ತೆಯ ಶಿಕ್ಷಕರ ಸದನದಲ್ಲಿ ಪ್ರದರ್ಶನ ಇದ್ದಾಗ ಒಂದು ಸಂಜೆ ಬಿಡುವು ಮಾಡಿಕೊಂಡು ಹೋಗಿ. ಕೊಳ್ಳಲೇಬೇಕು ಅಂತಿಲ್ಲ. ಐದಾರು ಅಸಲಿ ನಾಣ್ಯ ಕೈಯಲ್ಲಿ ಹಿಡಿದು ನೋಡಿದರೆ ಮುಂದೆ ನಕಲಿ ಕೈಗೆ ಬಂದಾಗ ಬೆರಳಿಗೇ ಗೊತ್ತಾಗುತ್ತದೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನೂ ಬಿಡಬೇಡಿ.

ಪ್ರಶ್ನೆ: ರಾಮ ಸೀತೆ ಲಕ್ಷ್ಮಣ ಹನುಮಂತ ಇರುವ ಈಸ್ಟ್ ಇಂಡಿಯಾ ಕಂಪನಿಯ 1818ರ ಅರ್ಧ ಆಣೆ ನಮ್ಮ ಮಾವನ ಹತ್ತಿರ ಇದೆ. ಅದು ಅಕ್ಕಿ ಕಾಳನ್ನು ಎಳೆಯುತ್ತದಂತೆ, ಕೋಟಿ ಬೆಲೆಯಂತೆ. ಪರೀಕ್ಷೆ ಮಾಡಿಸಲು ಒಬ್ಬರು 3 ಲಕ್ಷ ಕೇಳುತ್ತಿದ್ದಾರೆ.
– ಓದುಗ, ಕೆ.ಆರ್. ಪುರ

ಉತ್ತರ: ಆ 3 ಲಕ್ಷ ಕೊಡದಂತೆ ಮಾವನನ್ನು ತಡೆಯಿರಿ. ಕಂಪನಿ ಸರ್ಕಾರ ಇಂಥ ಅರ್ಧ ಆಣೆಯನ್ನು ಯಾವತ್ತೂ ಅಚ್ಚು ಹಾಕಲಿಲ್ಲ. ಕಂಪನಿಯ 1835ರ ನಿಜವಾದ ಅರ್ಧ ಆಣೆ ನೋಡಿ, ಅದರ ಮೇಲೆ ಇರುವುದು ಕಂಪನಿಯ ಲಾಂಛನ, ದೇವರಲ್ಲ. 1818 ಅಂತ ಬರೆದ ಈ ರಾಮದರ್ಬಾರ್ ಬಿಲ್ಲೆಗಳನ್ನು ಎಷ್ಟೋ ಕಾಲದ ಮೇಲೆ ಮಾಡಿ ಮಾರಿದರು. ದೇವರ ಮನೆಯಲ್ಲಿಟ್ಟು ಪೂಜೆ ಮಾಡಲಿ, ಅದರಲ್ಲಿ ತಪ್ಪೇನಿಲ್ಲ. ಅಕ್ಕಿ ಎಳೆಯುವ ಕಥೆಗೆ ಪೊಲೀಸರು 'ರೈಸ್ ಪುಲ್ಲರ್' ವಂಚನೆ ಅಂತಲೇ ಕರೆಯುತ್ತಾರೆ, ಬೆಂಗಳೂರಿನಲ್ಲೇ ಎಷ್ಟೋ ಜನರನ್ನು ಹಿಡಿದಿದ್ದಾರೆ. ಓದಿದವರು, ದೊಡ್ಡ ಕೆಲಸದಲ್ಲಿದ್ದವರೂ ಇದರಲ್ಲಿ ಮನೆ ಕಳೆದುಕೊಂಡಿದ್ದಾರೆ. ದಯವಿಟ್ಟು ಇವತ್ತೇ ಮಾತಾಡಿ.

ಪ್ರಶ್ನೆ: ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಗೆ ಇಡುವ ಬೆಳ್ಳಿ ರೂಪಾಯಿಗಳನ್ನು ಹುಣಸೆಹಣ್ಣು, ವಿಭೂತಿ ಹಾಕಿ ಫಳಫಳ ಅನ್ನುವ ಹಾಗೆ ತೊಳೆಯುತ್ತೇವೆ. ಮಾರುವ ಮೊದಲೂ ಹಾಗೆ ತೊಳೆದರೆ ಒಳ್ಳೇ ಬೆಲೆ ಬರುತ್ತದೆಯೇ?
– ಓದುಗಿ, ಮಲ್ಲೇಶ್ವರ

ಉತ್ತರ: ಇಲ್ಲ, ಬೆಲೆ ಹೋಗುತ್ತದೆ. ಇದನ್ನು ನಾನು ನೋವಿನಿಂದ ಕಲಿತವನು. ಹದಿನಾರನೇ ವಯಸ್ಸಿನಲ್ಲಿ ಸೋದರಮಾವ ಒಂದು ಮುಮ್ಮಡಿಯವರ ಕಾಸು ಕೊಟ್ಟಿದ್ದರು. ಕಡುಕಂದು ಬಣ್ಣಕ್ಕೆ ತಿರುಗಿ, ಹಳೇ ಕಂಬದ ಹಾಗೆ ನಯವಾಗಿತ್ತು. ಅದನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಕೆಂಪಗೆ ಮಾಡಿ, ಹಿರಿಯ ಸಂಗ್ರಹಕಾರರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಕೈಗೆ ವಾಪಸ್ ಇಟ್ಟು, "ನೂರೈವತ್ತು ವರ್ಷ ಕಾದು ಬಂದ ಬಣ್ಣ ಕಣಪ್ಪ ಅದು" ಎಂದರು. ಆ ಕಾಸು ಈಗಲೂ ನನ್ನ ಹತ್ತಿರ ಇದೆ, ಬಣ್ಣ ಇನ್ನೂ ಸರಿಯಾಗಿಲ್ಲ.

ಉಜ್ಜಿದರೆ ಮೇಲಿನ ಪದರ ಹೋಗುತ್ತದೆ, ಕೂದಲೆಳೆಯಂಥ ಗೀರು ಬೀಳುತ್ತದೆ, ಬಲ್ಲವರಿಗೆ ಅದು ದೀಪದ ಬೆಳಕಿನಲ್ಲಿ ತಕ್ಷಣ ಕಾಣುತ್ತದೆ. ಮಣ್ಣು ಅಂಟಿದ್ದರೆ ಶುದ್ಧ ನೀರಿನಲ್ಲಿ ನೆನೆಹಾಕಿ, ಮೆತ್ತನೆ ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಒರೆಸಿ, ತಿಕ್ಕಬೇಡಿ. ಹಿಡಿಯುವಾಗ ಅಂಚಿನಲ್ಲಿ ಹಿಡಿಯಿರಿ. ಅಂಗಡಿಯಲ್ಲಿ ಸಿಗುವ ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ವರ್ಷಗಟ್ಟಲೆ ಇಟ್ಟರೆ ನಾಣ್ಯಕ್ಕೆ ಹಸಿರು ಅಂಟು ಕೂರುತ್ತದೆ. ನಾಣ್ಯಕ್ಕೆಂದೇ ಇರುವ ರಟ್ಟಿನ ಚೌಕಗಳು ಸಿಗುತ್ತವೆ, ಅವೇ ಒಳ್ಳೆಯದು. ಪೂಜೆಯ ನಾಣ್ಯ ಬೇರೆ ಇರಲಿ, ಅವನ್ನು ಪ್ರತಿ ವರ್ಷ ಸಂತೋಷವಾಗಿ ತೊಳೆಯಿರಿ.

ಪ್ರಶ್ನೆ: ಊರಿನಲ್ಲಿ ಹಳೇ ಮನೆ ಕೆಡವುವಾಗ ಪಾಯದ ಮಣ್ಣಿನಲ್ಲಿ ಸಣ್ಣ ಮಡಕೆ ಸಿಕ್ಕಿದೆ. ಒಳಗೆ ಮೆಂತ್ಯದ ಕಾಳಿನಷ್ಟು ಚಿಕ್ಕ ಚಿನ್ನದ ನಾಣ್ಯಗಳಿವೆ. ಯಾರಿಗೂ ಗೊತ್ತಾಗದಂತೆ ಬೆಲೆ ಕಟ್ಟಿಸಬಹುದೇ?
– ಹೆಸರು ಬೇಡ, ಯಲಹಂಕ

ಉತ್ತರ: ಬೇಡ. ಅಜ್ಜಿ ಕೊಟ್ಟಿದ್ದು ಬೇರೆ, ನೆಲದಲ್ಲಿ ಸಿಕ್ಕಿದ್ದು ಬೇರೆ. ನೆಲದಲ್ಲಿ ಹುದುಗಿದ್ದ ನಿಧಿಗೆ 1878ರಿಂದಲೂ ಕಾನೂನು ಇದೆ, ಕರ್ನಾಟಕದ್ದೇ ನಿಧಿ ಕಾಯಿದೆ 1962ರದು ಇದೆ. ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅಪರಾಧ. ಹೋಗಿ ಜಿಲ್ಲಾಧಿಕಾರಿ ಕಚೇರಿಗೆ ಬರೆದು ಕೊಟ್ಟು, ಕೊಟ್ಟಿದ್ದಕ್ಕೆ ಸ್ವೀಕೃತಿ ಪತ್ರ ಪಡೆಯಿರಿ. ಅಲ್ಲಿಯವರೆಗೆ ಮಡಕೆಯನ್ನೂ ಮಣ್ಣನ್ನೂ ಹಾಗೇ ಬಿಡಿ, ತೊಳೆಯಬೇಡಿ, ಹಂಚಿಕೊಳ್ಳಬೇಡಿ.

ನೀವು ಹೇಳುವ ಗಾತ್ರ ನೋಡಿದರೆ ಅವು ಹಣಗಳಿರಬಹುದು. ನಾವು ದುಡ್ಡಿಗೆ ಹಣ ಅನ್ನುತ್ತೇವಲ್ಲ, ಅದೇ ಹೆಸರಿನ ನಾಣ್ಯ. ರಣಧೀರ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರವ ಹಣ ಗ್ರಾಮಿನ ಮೂರನೇ ಒಂದು ಭಾಗದಷ್ಟೇ ತೂಗುತ್ತದೆ. ಒಂದೊಂದನ್ನೇ ಬಿಡಿಬಿಡಿಯಾಗಿ ಮಾರಿದರೆ ಅದು ಚಿನ್ನದ ಚೂರು. ಮಡಕೆಯ ಜೊತೆ, ಸಿಕ್ಕ ಜಾಗದ ಜೊತೆ ಇದ್ದರೆ ನಿಮ್ಮ ಊರಿನಲ್ಲಿ ಯಾವ ಕಾಲಕ್ಕೆ ಯಾರು ವ್ಯಾಪಾರ ಮಾಡುತ್ತಿದ್ದರು ಅನ್ನುವುದಕ್ಕೆ ಅದೇ ಸಾಕ್ಷಿ. ಒಮ್ಮೆ ಚದುರಿದರೆ ಮತ್ತೆ ಯಾರೂ ಅದನ್ನು ಜೋಡಿಸಲಾರರು.

ಪ್ರಶ್ನೆ: ಅಮ್ಮನ ಹತ್ತಿರ ಐದು ಸವರನ್ ನಾಣ್ಯ ಮತ್ತು ಒಂದಷ್ಟು ಬೆಳ್ಳಿ ರೂಪಾಯಿ ಇದ್ದವು. ಸವರನ್‌ಗೆಲ್ಲ ಕೊಂಡಿ ಬೆಸೆದು ಸರ ಮಾಡಿಸಿದ್ದರು. ನಾವು ಮೂರು ಜನ ಮಕ್ಕಳು. ತಮ್ಮ ಅಮೆರಿಕದಲ್ಲಿದ್ದಾನೆ, ತನ್ನ ಪಾಲಿನ ನಾಣ್ಯ ತೆಗೆದುಕೊಂಡು ಹೋಗುತ್ತಾನಂತೆ. ಮನಸ್ತಾಪ ಆಗದಂತೆ ಹಂಚಿಕೊಳ್ಳುವುದು ಹೇಗೆ?
– ಹಿರಿ ಮಗಳು, ಜಯನಗರ

ಉತ್ತರ: ಕೊಂಡಿ ಬೆಸೆದ ಸವರನ್‌ಗೆ ಸಂಗ್ರಹಕಾರರ ಬೆಲೆ ಹೆಚ್ಚಿಗೆ ಉಳಿದಿಲ್ಲ, ಚಿನ್ನದ ಬೆಲೆ ಇದೆ. ಇದರಿಂದ ನಿಮ್ಮ ಕೆಲಸ ಸುಲಭವೇ ಆಯಿತು. ಅಸಲಿ ಸವರನ್ ತೂಕ 7.98 ಗ್ರಾಂ, 22 ಕ್ಯಾರೆಟ್, ಶುದ್ಧ ಚಿನ್ನ 7.32 ಗ್ರಾಂ. ಕೊಂಡಿಯ ತೂಕ ಸೇರಿರುತ್ತದೆ ಅನ್ನುವುದು ನೆನಪಿರಲಿ. ಸವರನ್‌ನಲ್ಲಿ ನಕಲಿಗಳೂ ಇವೆ, ಹಾಗಾಗಿ ಮೂವರೂ ಒಟ್ಟಿಗೆ ಹೋಗಿ ಯಂತ್ರದಲ್ಲಿ ಶುದ್ಧತೆ ನೋಡಿಸಿ, ಚೀಟಿ ತಗೊಳ್ಳಿ. ಅಂದಿನ ದರಕ್ಕೆ ಲೆಕ್ಕ ಹಾಕಿ. ಕತ್ತರಿಸಿ ಹಂಚಬೇಡಿ. ಸರ ಯಾರಿಗೆ ಬೇಕೋ ಅವರು ಇಟ್ಟುಕೊಂಡು ಮಿಕ್ಕವರಿಗೆ ದುಡ್ಡು ಕೊಟ್ಟರೆ ಅಮ್ಮನ ಸರ ಸರವಾಗಿಯೇ ಇರುತ್ತದೆ. ಬೆಳ್ಳಿ ರೂಪಾಯಿಗಳಿಗೆ ಮೇಲೆ ಬಸವನಗುಡಿಯವರಿಗೆ ಹೇಳಿದ ಲೆಕ್ಕವೇ ಸಾಕು. ಒಂದೆರಡು ಒಳ್ಳೆಯವು ಇದ್ದರೆ ಹರಾಜಿಗೆ ಕೊಟ್ಟು ಬಂದ ಹಣ ಹಂಚಿಕೊಳ್ಳಿ. ಸರಿಯಾದ ಹರಾಜು ಸಂಸ್ಥೆ ಮಾರಾಟವಾದ ಮೇಲೆ ಬಂದ ಹಣದಲ್ಲೇ ತನ್ನ ಕಮಿಷನ್ ಹಿಡಿದುಕೊಳ್ಳುತ್ತದೆ, ಮುಂಗಡ ಕೇಳಿದರೆ ಎದ್ದು ಬನ್ನಿ.

ತಮ್ಮನಿಗೆ ಒಂದು ಮಾತು ಹೇಳಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯಾಗಿ ಯಾರೂ ಅದನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ. ಅವರ ಪಾಲು ದುಡ್ಡಿನಲ್ಲೇ ಕೊಡಿ, ಇಲ್ಲವೇ ಅವರ ನಾಣ್ಯ ನಿಮ್ಮ ಲಾಕರಿನಲ್ಲೇ ಇರಲಿ.

ಪ್ರಶ್ನೆ: ನಾಣ್ಯದಲ್ಲಿ ಇಸವಿಯ ಕೆಳಗೆ ಒಂದರಲ್ಲಿ ಚುಕ್ಕಿ, ಒಂದರಲ್ಲಿ ನಕ್ಷತ್ರ ಇದೆ. ಒಂದರಲ್ಲಿ ಏನೂ ಇಲ್ಲ. ಅದು ತಪ್ಪು ನಾಣ್ಯವಾ ಅಂಕಲ್? ನಾನು ಏಳನೇ ಕ್ಲಾಸು.
– ವಿದ್ಯಾರ್ಥಿ, ವಿಜಯನಗರ

ಉತ್ತರ: ತಪ್ಪು ನಾಣ್ಯ ಅಲ್ಲ ಪುಟ್ಟ, ಅದು ನಾಣ್ಯ ಎಲ್ಲಿ ಹುಟ್ಟಿತು ಅನ್ನುವ ಗುರುತು. ಚುಕ್ಕಿ ಇದ್ದರೆ ನೋಯ್ಡಾ, ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದ ಆಕಾರ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇವತ್ತು ಅಪ್ಪನ ಜೇಬಿನ ಚಿಲ್ಲರೆ ಎಲ್ಲ ಕೇಳಿ ತಗೊಂಡು, ನಾಲ್ಕು ಊರಿನದೂ ಒಂದೊಂದು ಸಿಗುತ್ತಾ ನೋಡು. ಒಂದೇ ಇಸವಿಯ ನಾಲ್ಕೂ ಸಿಕ್ಕಿದರೆ ನನಗೆ ಪತ್ರ ಬರಿ.